ಕಂದು ಕಾಗದದ ಕೆಳಗಿನ ನಾಲ್ಕು ಪುಟ

ಭಾನುವಾರ, ಹ್ಯಾರಿಸನ್

ಇಮಿಗ್ರೇಶನ್ ಕೌಂಟರಿನ ಯುವಕ ನನ್ನ ಪಾಸ್‌ಪೋರ್ಟ್ ಮಗುಚುತ್ತಾ, ಬಂದ ಉದ್ದೇಶವೇನು ಎಂದು ಕೇಳಿದ. ತಂಗಿಯ ಮಗಳು ಸುಧಾಳ ಮನೆಗೆ ಎಂದಿದ್ದರೆ ಸಾಕಿತ್ತು. ಸುಧಾ ಫೋನಿನಲ್ಲಿ ಹಾಗೇ ಹೇಳಿಕೊಟ್ಟಿದ್ದಳು. ಆದರೆ ಕಾನ್ವೆಂಟಿನಲ್ಲಿ ಬೆಳೆದ ನಾಲಿಗೆ. ಯೂನಿಫಾರ್ಮ್ ಹಾಕಿದವರು ಕೇಳಿದರೆ ಪೂರ್ತಿ ಸತ್ಯ ಹೇಳಿಬಿಡುತ್ತದೆ. "ಟು ರೀಡ್ ಎ ಬುಕ್," ಎಂದೆ. ಅವನು ತಲೆಯೆತ್ತಿದ. ನಿಮ್ಮ ದೇಶದಲ್ಲಿ ಆ ಪುಸ್ತಕ ಸಿಗುವುದಿಲ್ಲವೇ ಎಂದ. ಸಿಗುತ್ತದೆ, ನನ್ನ ಮನೆಯ ಬೀರುವಿನಲ್ಲೇ ಇದೆ ಎಂದೆ. ನನ್ನ ವೀಲ್‌ಚೇರ್ ತಳ್ಳುತ್ತಿದ್ದ ಹೆಂಗಸು ಹಿಂದಿನಿಂದ ಕೆಮ್ಮಿದಳು. ಆ ಯುವಕನಿಗೂ ಡ್ಯೂಟಿ ಮುಗಿಯುವ ಹೊತ್ತಾಗಿತ್ತೋ ಏನೋ, ದಣಿದವರು ದಣಿದವರಿಗೆ ತೋರಿಸುವ ಕರುಣೆಯಿಂದ ಠಸ್ಸೆ ಒತ್ತಿ ಕಳಿಸಿದ.

ಜಲಪಾತ ನೋಡಿದಿರಾ, ಸ್ವಾತಂತ್ರ್ಯ ದೇವಿಯನ್ನು ನೋಡಿದಿರಾ ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಜಲಪಾತ ನೋಡಲಿಲ್ಲ, ದೇವಿಯನ್ನು ದೂರದಿಂದ, ಬೆನ್ನಿನ ಕಡೆಯಿಂದ ನೋಡಿದೆ. ಎಪ್ಪತ್ತಾರನೆಯ ವಯಸ್ಸಿಗೆ ಇಷ್ಟು ದೂರ ಬಂದು ನಾನು ಸರಿಯಾಗಿ ನೋಡಿದ್ದು ನಾಲ್ಕೇ ನಾಲ್ಕು ಪುಟ.

ಸುಧಾಳ ಮನೆ ನ್ಯೂಯಾರ್ಕಿನಿಂದ ನದಿಯಾಚೆಯ ಹ್ಯಾರಿಸನ್ನಿನಲ್ಲಿ. ಸ್ಟೇಷನ್ನಿನ ಸುತ್ತ ಹೊಸ ಹೊಸ ಅಪಾರ್ಟ್‌ಮೆಂಟುಗಳೆದ್ದಿರುವ ಊರು. ಎಲ್ಲರೂ ಬೇರೆಲ್ಲಿಗೋ ಹೋಗಲು ಅನುಕೂಲವೆಂದೇ ಇಲ್ಲಿ ವಾಸವಾಗಿದ್ದಾರೆ. ಬೆಳಿಗ್ಗೆ ಎಂಟಕ್ಕೆ ಲಿಫ್ಟಿನಿಂದ ಹೊರಬರುವವರ ಕೂದಲು ಇನ್ನೂ ಒದ್ದೆಯಾಗಿರುತ್ತದೆ. ಒಬ್ಬರ ಮುಖ ಒಬ್ಬರು ನೋಡದೆ "ಹ್ಯಾವ್ ಎ ಗುಡ್ ಒನ್" ಎನ್ನುತ್ತಾರೆ. ಯಾವ ಒಂದು ಎಂದು ನಾನು ಎರಡು ದಿನ ಯೋಚಿಸಿದೆ.

ಸುಧಾ ವಾರಕ್ಕೆ ಮೂರು ದಿನ ನದಿಯಾಚೆಯ ಆಫೀಸಿಗೆ ಕಮ್ಯೂಟ್ ಮಾಡುತ್ತಾಳೆ. ಉಳಿದ ದಿನ ಊಟದ ಮೇಜೇ ಆಫೀಸು. ಅವಳ ಒಬ್ಬಳೇ ಮಗಳು ಮೇಘಾ ಇಲ್ಲಿಯೇ ಹುಟ್ಟಿದವಳು. ನ್ಯೂಯಾರ್ಕಿನಲ್ಲಿ ಹಳೆಯ ಯೂರೋಪಿನ ಇತಿಹಾಸ ಓದುತ್ತಾಳೆ. ಜರ್ಸಿ ಸಿಟಿಯಲ್ಲಿ ಇಬ್ಬರು ಗೆಳತಿಯರ ಜೊತೆ ಕೋಣೆ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ, ನಡುವೆ "ಅಜ್ಜಿ" ಎಂಬ ಒಂದು ಮಾತನ್ನು ಮಾತ್ರ ಬಿಡುವುದಿಲ್ಲ. ನನ್ನನ್ನು ಕರೆಸಿದವಳು ಅವಳೇ. ನಿನ್ನ ಇಂಗ್ಲಿಷ್ ಪ್ರಭುವಿನ ಪುಸ್ತಕ ನಮ್ಮ ಲೈಬ್ರರಿಯಲ್ಲೂ ಇದೆ, ಚೆನ್ನಾಗಿರುವ ಕಾಪಿ, ಬಂದು ನೋಡು ಎಂದು ವರ್ಷದಿಂದ ಹೇಳುತ್ತಿದ್ದಳು.

ಸೋಮವಾರ, ಕಿಟಕಿಯ ಪಕ್ಕ

ಜೆಟ್ ಲ್ಯಾಗ್ ಎಂಬುದಕ್ಕೆ ಕನ್ನಡದಲ್ಲಿ ಮಾತಿಲ್ಲ. ದೇಹ ಮುಂದೆ ಬಂದು, ಜೀವ ಇನ್ನೂ ಹಿಂದಿನ ವಿಮಾನದಲ್ಲಿ ಬರುತ್ತಿದೆಯೇನೋ ಎನ್ನುವ ಹಾಗೆ ಆ ದಿನವೆಲ್ಲ ಕಿಟಕಿಯ ಪಕ್ಕ ಕುಳಿತಿದ್ದೆ. ಹಾಗಾಗಿ ಪ್ರಭುವಿನ ಕತೆಯನ್ನು ಇಲ್ಲೇ ಹೇಳಿಬಿಡುತ್ತೇನೆ.

ಮೈಸೂರಿನ ನಮ್ಮ ಕಾನ್ವೆಂಟಿನಲ್ಲಿ ಹಿಸ್ಟರಿ ಹೇಳಿಕೊಡುತ್ತಿದ್ದವರು ಸಿಸ್ಟರ್ ಬರ್ನಡೆಟ್. ಇಂಗ್ಲೆಂಡಿನ ಉತ್ತರದ ಒಂದು ಕಣಿವೆಯಿಂದ ಇಪ್ಪತ್ತೆರಡನೆಯ ವಯಸ್ಸಿಗೆ ಬಂದವರು. ಮತ್ತೆ ಆ ಕಣಿವೆಯನ್ನು ನೋಡಲಿಲ್ಲ. ಅವರ ಕ್ಲಾಸಿನ ಗೋಡೆಯ ಮೇಲೆ ಆಳೆತ್ತರದ ಒಂದು ಕಪ್ಪು ಚಿತ್ರ. ಕವಚ ತೊಟ್ಟು ಕೈಜೋಡಿಸಿ ಮಲಗಿದ ಸೈನಿಕ, ಕಾಲಬುಡದಲ್ಲಿ ನಾಯಿ. ಗೋರಿಯ ಮೇಲಿನ ಹಿತ್ತಾಳೆ ತಗಡಿಗೆ ಕಾಗದ ಹೊದಿಸಿ, ಕಪ್ಪು ಮೇಣ ಉಜ್ಜಿ, ಹುಡುಗಿಯಾಗಿದ್ದಾಗ ಸಿಸ್ಟರ್ ತಾವೇ ತೆಗೆದದ್ದು. ಅವನೇ ಲಾರ್ಡ್ ವಿಲ್‌ಬ್ರೋಕ್, ಆರುನೂರು ವರ್ಷದ ಹಿಂದೆ ಅವರ ಊರಿಗೆ ಒಡೆಯನಾಗಿದ್ದವನು. ನಮ್ಮ ಲೆಕ್ಕದಲ್ಲಿ ಒಬ್ಬ ಪಾಳೆಯಗಾರ.

ಆರು ವರ್ಷಕ್ಕೆ ತಂದೆ ಸತ್ತು, ಯಾರದೋ ದೊಡ್ಡಮನೆಯಲ್ಲಿ ಬೆಳೆದ. ಹದಿನಾಲ್ಕಕ್ಕೆ ಮದುವೆ, ಹೆಂಡತಿ ಆಲಿಸ್ ಅವನಿಗಿಂತ ಎರಡು ವರ್ಷ ದೊಡ್ಡವಳು. ಹದಿನೇಳಕ್ಕೆ ಫ್ರಾನ್ಸಿನ ಯುದ್ಧಕ್ಕೆ ಹೋದವನು ಅರ್ಧ ಆಯುಷ್ಯ ಅಲ್ಲೇ ಕಳೆದ. ಇಂಗ್ಲಿಷರು ಗೆದ್ದಿದ್ದ ನೆಲವನ್ನೆಲ್ಲ ಒಂದೊಂದೇ ಕೋಟೆಯಾಗಿ ಬಿಟ್ಟುಕೊಡುತ್ತಿದ್ದ ಕಾಲ. ನಾರ್ಮಂಡಿಯ ಒಂದು ಸಣ್ಣ ಕೋಟೆ ಇವನ ವಶದಲ್ಲಿತ್ತು. ಮುತ್ತಿಗೆ ಬಿತ್ತು, ಅನ್ನ ಮುಗಿಯಿತು. ಒಡೆಯನೊಬ್ಬ ಬೇಕಾದರೆ ಹೊರಗೆ ಹೋಗಬಹುದು ಎಂದು ಶತ್ರುಗಳು ಹೇಳಿ ಕಳಿಸಿದರಂತೆ. ಇವನು ಒಲ್ಲೆ ಎಂದು ತನ್ನ ಬಂಟರ ಜೊತೆ ಒಳಗೇ ಉಳಿದನಂತೆ. ಅದನ್ನು ಕಂಡು ಶತ್ರುಗಳು ಎಲ್ಲರನ್ನೂ ಜೀವಸಹಿತ ಬಿಟ್ಟರಂತೆ. ಆಮೇಲೆ ಊರಿಗೆ ಬಂದು, ಕುರಿ ಸಾಕಿ, ನೆರೆಯವರ ಮೇಲೆ ಕೋರ್ಟಿಗೆ ಹೋಗಿ, ರಾಜವಂಶದ ಎರಡು ಕವಲುಗಳ ಜಗಳದಲ್ಲಿ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ನಿಂತು, ಕೊನೆಗೆ ಹಾಸಿಗೆಯ ಮೇಲೇ ಸತ್ತ. ಆ ಜಗಳದ ಭಾಗವನ್ನು ಸಿಸ್ಟರ್ ಬೇಗ ದಾಟಿಸಿಬಿಡುತ್ತಿದ್ದರು. ಕೋಟೆಯ ಕತೆಯನ್ನು ಮಾತ್ರ ಪ್ರತಿ ವರ್ಷ, ಪ್ರತಿ ಕ್ಲಾಸಿಗೆ, ಕಣ್ಣು ಒದ್ದೆ ಮಾಡಿಕೊಂಡು ಹೇಳುತ್ತಿದ್ದರು.

ನಾನು ಅದೇ ಸ್ಕೂಲಿನಲ್ಲಿ ಟೀಚರಾದೆ. ಸಿಲಬಸ್ಸಿನಲ್ಲಿ ಇಲ್ಲದಿದ್ದರೂ ಮೂವತ್ತೊಂದು ವರ್ಷ ಅದೇ ಕತೆ ಹೇಳಿದೆ. ನಮ್ಮಲ್ಲಿ ಉಂಡ ಅನ್ನಕ್ಕಾಗಿ ಒಡೆಯನಿಗೆ ಬಂಟ ಪ್ರಾಣ ಕೊಟ್ಟರೆ ಅದನ್ನು ಜೋಳವಾಳಿ ಎನ್ನುತ್ತಿದ್ದರು, ಊರೂರಿಗೆ ಅಂಥವರ ವೀರಗಲ್ಲುಗಳಿವೆ. ಆದರೆ ಅನ್ನ ಹಾಕಿದವನೇ ಉಂಡವರಿಗಾಗಿ ನಿಂತದ್ದು ಬೇಕೇ, ಇಲ್ಲಿದೆ ನೋಡಿ, ಎಂದು ಗೋಡೆಯ ಚಿತ್ರ ತೋರಿಸುತ್ತಿದ್ದೆ. ರಿಟೈರ್ ಆದ ಮೇಲೆ ಪ್ರಭುವಿನ ಜೀವನವನ್ನು ಕನ್ನಡದಲ್ಲಿ ಬರೆಯಲು ಕುಳಿತೆ. ಹನ್ನೊಂದು ವರ್ಷ ಬರೆದೆ. ಮೈಸೂರಿನ ಪ್ರೆಸ್ಸಿನ ಚೆಲುವರಾಜು ಅಚ್ಚು ಮಾಡುತ್ತಿದ್ದಾರೆ. ಶುಕ್ರವಾರದೊಳಗೆ ನಾನು ಕೊನೆಯ ಪ್ರೂಫಿಗೆ ಹೂಂ ಎನ್ನಬೇಕು; ಸ್ಕೂಲ್ ಡೇ ದಿವಸ ಬಿಡುಗಡೆ. ಪುಸ್ತಕವನ್ನು ಸಿಸ್ಟರಿಗೆ ಅರ್ಪಿಸಿದ್ದೇನೆ.

ನನ್ನ ಆಧಾರ, ಸಿಸ್ಟರ್ ಕೊನೆಗಾಲದಲ್ಲಿ ಕೊಟ್ಟು ಹೋದ ಹಳೆಯ ಕೆಂಪು ರಟ್ಟಿನ ಪುಸ್ತಕ. ಅವರ ಊರಿನ ಪಾದ್ರಿಯೊಬ್ಬರು ಬರೆದ ಪ್ರಭುವಿನ ಚರಿತ್ರೆ. ಅದರಲ್ಲಿ ನಾಲ್ಕು ಪುಟಗಳ ಮೇಲೆ ಕಂದು ಕಾಗದ ಅಂಟಿಸಿದೆ. ಕಾನ್ವೆಂಟಿನಲ್ಲಿ ಓದಿದವರಿಗೆ ಇದನ್ನು ವಿವರಿಸಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ: ನಮ್ಮ ಲೈಬ್ರರಿಗೆ ಬಂದ ಪ್ರತಿ ಪುಸ್ತಕವನ್ನೂ ಸಿಸ್ಟರ್‌ಗಳು ಮೊದಲು ಓದುತ್ತಿದ್ದರು. ಹುಡುಗಿಯರು ಓದಬಾರದ ಪುಟ ಬಂದರೆ ಮೈದಾ ಗೋಂದು ಹಚ್ಚಿ, ನೋಟ್‌ಬುಕ್ಕಿಗೆ ಹಾಕುವ ಕಂದು ಕಾಗದವನ್ನು ಅದರ ಮೇಲೆ ಅಂಟಿಸುತ್ತಿದ್ದರು. ಕತೆಯಲ್ಲಿ ನಾಯಕ ನಾಯಕಿ ತೋಟಕ್ಕೆ ಕಾಲಿಟ್ಟರೆ ಸಾಕು, ಮುಂದಿನ ಪುಟ ಕಂದು. ಪ್ರಭುವಿನ ಪುಸ್ತಕದಲ್ಲೂ ಯಾವುದೋ ಫ್ರೆಂಚ್ ಹೆಂಗಸಿನ ವಿಚಾರ ಇರಬೇಕು ಎಂದು ನಾವೆಲ್ಲ ತಿಳಿದಿದ್ದೆವು.

ಗೋಂದು ಒಣಗಿ ಕಾಗದದ ಅಂಚು ಎದ್ದಿತ್ತು. ಉಗುರು ಹಾಕಿದರೆ ಬರುತ್ತಿತ್ತು. ಹಾಕಲಿಲ್ಲ.

ಮಂಗಳವಾರ, ನದಿಯ ಕೆಳಗೆ

ಹಡ್ಸನ್ ನದಿಯ ಅಡಿಯಿಂದ ಟ್ರೈನ್ ಹೋಗುತ್ತದೆ. ತಲೆಯ ಮೇಲೆ ಅಷ್ಟು ನೀರಿದ್ದರೂ ಯಾರೂ ಮೇಲೆ ನೋಡುವುದಿಲ್ಲ.

ಜರ್ಸಿ ಸಿಟಿಯಲ್ಲಿ ಟ್ರೈನ್ ಬದಲಿಸಬೇಕಿತ್ತು. ಸುಧಾ ನನ್ನ ಕೈಚೀಲ ಹಿಡಿದು ಮೊದಲು ಹತ್ತಿದಳು. ನಾನು ಸೆರಗು ಎತ್ತಿ ಹಿಡಿದು, ಎಡಗಾಲೋ ಬಲಗಾಲೋ ಎಂದು ಯೋಚಿಸುವಷ್ಟರಲ್ಲಿ ಬಾಗಿಲು ಮುಚ್ಚಿತು. ಗಾಜಿನಾಚೆ ಸುಧಾಳ ಬಾಯಿ ತೆರೆದುಕೊಂಡದ್ದು ಕಾಣಿಸಿತು, ಕೇಳಿಸಲಿಲ್ಲ. ಟ್ರೈನ್ ಹೋಯಿತು. ನನ್ನ ಫೋನು ಅವಳ ಕೈಯಲ್ಲಿದ್ದ ಚೀಲದಲ್ಲಿ.

ಇದೇ ನಮ್ಮ ಮೈಸೂರು ಸ್ಟೇಷನ್ನಾಗಿದ್ದರೆ ಹತ್ತು ಜನ ಸೇರಿ, ಯಾವ ಮೊಹಲ್ಲಾ, ಯಾರ ಮನೆ, ಜೊತೆಗೆ ಗಂಡಸರು ಯಾರೂ ಇಲ್ಲವಾ ಎಂದು ವಿಚಾರಿಸಿ, ಒಬ್ಬರು ನೀರು ತಂದು, ಒಬ್ಬರು ಬೈದು, ಅಷ್ಟರಲ್ಲಿ ಮುಂದಿನ ಟ್ರೈನೂ ತಪ್ಪಿರುತ್ತಿತ್ತು. ಇಲ್ಲಿ ಯಾರೂ ಏನೂ ಕೇಳಲಿಲ್ಲ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ ಒಬ್ಬ ಗಂಡಸು ಮಾತ್ರ ನನ್ನಿಂದ ಎರಡು ಮಾರು ದೂರದಲ್ಲಿ ನಿಂತಿದ್ದ. ಒಂದು ಟ್ರೈನ್ ಬಂತು, ಅವನು ಹತ್ತಲಿಲ್ಲ. ಇನ್ನೊಂದು ಬಂತು, ಹತ್ತಲಿಲ್ಲ. ಆಚೆಯ ಪ್ಲಾಟ್‌ಫಾರ್ಮಿನಿಂದ ಸುಧಾ ಏದುಸಿರು ಬಿಡುತ್ತಾ ಓಡಿ ಬಂದು ನನ್ನ ಕೈ ಹಿಡಿದ ಮೇಲೆ, ಮೂರನೆಯ ಟ್ರೈನಿಗೆ ಹತ್ತಿ ಹೋದ. ನನ್ನ ಮುಖ ಕೂಡ ನೋಡಲಿಲ್ಲ. ಇಂಥ ಉಪಕಾರಕ್ಕೆ ಥ್ಯಾಂಕ್ಸ್ ಹೇಳುವುದು ಹೇಗೆ ಎಂದು ನನಗೆ ಯಾರೂ ಕಲಿಸಿರಲಿಲ್ಲ.

"ಬಾಗ್ಲು ನಿಮಗೋಸ್ಕರ ಕಾಯಲ್ಲ ದೊಡ್ಡಮ್ಮ, ಇದು ಸಿಟಿ ಬಸ್ಸಲ್ಲ," ಎಂದಳು ಸುಧಾ. ಮುಂದಿನ ಟ್ರೈನಿಗೆ ನನ್ನನ್ನೇ ಮೊದಲು ಹತ್ತಿಸಿದಳು.

ಮಂಗಳವಾರ, ಓದುವ ಕೋಣೆ

ಮೇಘಾ ಲೈಬ್ರರಿಯ ಮೆಟ್ಟಿಲ ಮೇಲೆ ಕಾಯುತ್ತಿದ್ದಳು. ಸುಧಾ ನನ್ನನ್ನು ಅವಳಿಗೆ ಒಪ್ಪಿಸಿ ಆಫೀಸಿಗೆ ಹೋದಳು. ಒಳಗೆ ಕೋಟು, ಚೀಲ, ನೀರಿನ ಬಾಟಲಿ ಎಲ್ಲ ಕಿತ್ತುಕೊಂಡರು. ಪೆನ್ನು ಕೂಡ, ಇಲ್ಲಿ ಪೆನ್ಸಿಲ್ ಮಾತ್ರವಂತೆ. ಕೈ ತೊಳೆದು ಬನ್ನಿ ಎಂದರು. ನಲ್ಲಿಗೆ ತಿರುಗಿಸುವ ಕಿವಿಯಿಲ್ಲ. ಕೆಳಗೆ ಕೈ ಒಡ್ಡಿ ಬೇಡಿಕೊಳ್ಳಬೇಕು. ಪಕ್ಕದವಳಿಗೆ ಕೊಟ್ಟಿತು, ನನಗೆ ಕೊಡಲಿಲ್ಲ. ಅವಳೇ ತನ್ನ ನಲ್ಲಿಯ ನೀರನ್ನು ನನಗೆ ಬಿಟ್ಟುಕೊಟ್ಟಳು.

ಪುಸ್ತಕ ಬಂತು. ಮೆತ್ತನೆಯ ದಿಂಬಿನ ಮೇಲೆ, ಬಾಣಂತಿ ಕೋಣೆಯಿಂದ ಮಗುವನ್ನು ತಂದ ಹಾಗೆ ತಂದಿಟ್ಟರು. ಅದೇ ಕೆಂಪು ರಟ್ಟು. ನನ್ನದು ಗೆದ್ದಲು, ಮಳೆ, ಲೆಕ್ಕವಿಲ್ಲದಷ್ಟು ಬೇಸಿಗೆ ಕಂಡದ್ದು. ಇದು ಯಾರೂ ಮುಟ್ಟದ ಹಾಗಿತ್ತು. ನಾನು ಬಂದದ್ದು ಊರುಗಳ ಹೆಸರಿನ ಕಾಗುಣಿತ ಸರಿಯಿದೆಯೇ ನೋಡಲಷ್ಟೆ. ಅಭ್ಯಾಸಬಲದಿಂದ ಕೋಟೆಯ ಅಧ್ಯಾಯದ ಕೊನೆಗೆ ಬಂದು, ಅಲ್ಲಿಂದ ನಾಲ್ಕು ಪುಟ ಹಾರಲು ಬೆರಳು ಹಾಕಿದೆ. ಬೆರಳು ನಿಂತಿತು. ಕಂದು ಕಾಗದ ಇರಲಿಲ್ಲ. ಅಕ್ಷರಗಳಿದ್ದವು.

ಮೊದಲು ಮೇಲೆ ನೋಡಿದೆ. ಯಾರಾದರೂ ಗಮನಿಸುತ್ತಿದ್ದಾರೇನೋ ಎಂದು. ಈ ವಯಸ್ಸಿಗೆ.

ಫ್ರೆಂಚ್ ಹೆಂಗಸು ಯಾರೂ ಇರಲಿಲ್ಲ. ಪಾದ್ರಿ ತಣ್ಣಗೆ ಬರೆದಿದ್ದರು. ಮುತ್ತಿಗೆಯ ನಲವತ್ತನೆಯ ದಿನ ಪ್ರಭು ತನ್ನೊಬ್ಬನ ಬಿಡುಗಡೆಗೆ ಶತ್ರುಗಳ ಜೊತೆ ಮಾತಾಡಿಕೊಂಡ. ನಸುಕಿನಲ್ಲಿ ನೀರಿನ ಕಡೆಯ ಸಣ್ಣ ಬಾಗಿಲಿನಿಂದ, ಒಳ್ಳೆಯ ಕುದುರೆ ಹತ್ತಿ ಹೋದ. ಬೆಳಗಾಗುವ ಹೊತ್ತಿಗೆ ಸಹಾಯ ತರುತ್ತೇನೆ ಎಂದು ಬಂಟರಿಗೆ ಹೇಳಿದ್ದನಂತೆ. ಅವರು ಮೂರು ದಿನ ಬಾಗಿಲು ಹಿಡಿದು ನಿಂತರು. ಕೋಟೆ ಬಿದ್ದ ಮೇಲೆ ಉಳಿದವರನ್ನು ಗೋಡೆಯ ಮೇಲಿನಿಂದ ನೇಣು ಹಾಕಿದರು. ಇಪ್ಪತ್ತು ವರ್ಷದ ನಂತರ, ಪ್ರಭು ಸತ್ತ ಮೇಲೆ, ಆಲಿಸ್ ಚರ್ಚಿಗೆ ಭೂಮಿ ಬಿಟ್ಟು, ಸತ್ತ ಆ ಬಂಟರ ಹೆಸರು ಹೇಳಿ ವರ್ಷಕ್ಕೊಂದು ದಿನ ಪ್ರಾರ್ಥನೆ ಮಾಡಿಸಬೇಕೆಂದು ಬರೆಸಿದಳು. ಗಂಡನ ಹೆಸರು ಆ ಪತ್ರದಲ್ಲಿ ಇಲ್ಲ. ಬಂಟರ ಹೆಸರುಗಳಿವೆ.

ಮೇಘಾ ನನ್ನ ಭುಜದ ಮೇಲಿಂದ ಓದಿ ಮುಗಿಸಿದ್ದಳು. ಅವಳಿಗೆ ಇದು ಹೊಸದೇನಲ್ಲ. ಆ ಕಾಲದ ಪ್ರಭುಗಳು ಹೀಗೇ, ಬಹಳ ಜನ ಹೀಗೇ ಮಾಡಿದ್ದಾರೆ ಎಂದಳು. ನಿನ್ನ ಪುಸ್ತಕದಲ್ಲಿ ಇದನ್ನು ಹೇಗೆ ಹ್ಯಾಂಡಲ್ ಮಾಡಿದ್ದೀಯ ಎಂದು ಸಹಜವಾಗಿ ಕೇಳಿದಳು.

ನಾನು ಪೆನ್ಸಿಲ್ ತೆಗೆದುಕೊಂಡು ಹೆಸರುಗಳನ್ನು ಬರೆದುಕೊಂಡೆ. 

ಮಂಗಳವಾರ, ಹೋಬೋಕನ್ ದೋಣಿಕಟ್ಟೆ

ಮತ್ತೆ ಟ್ರೈನಿನ ಬಾಗಿಲುಗಳ ಎದುರು ನಿಲ್ಲುವ ಶಕ್ತಿ ಇರಲಿಲ್ಲ. ಮೇಘಾ ಫೆರ್ರಿಯಲ್ಲಿ ಹೋಬೋಕನ್ನಿಗೆ ಕರೆತಂದಳು. ನದಿಯ ದಂಡೆಯಲ್ಲಿ ಬೆಂಚುಗಳಿವೆ. ಎದುರಿಗೆ ಮ್ಯಾನ್‌ಹಟನ್ನಿನ ಕಟ್ಟಡಗಳು, ಹಿಂದೆ ಓಡುವ ಯುವಕ ಯುವತಿಯರು. ಯಾರೂ ಅಟ್ಟಿಸಿಕೊಂಡು ಬರುತ್ತಿಲ್ಲ, ಆದರೂ ಓಡುತ್ತಾರೆ. ಅವರ ನಾಯಿಗಳೂ ಮುಖ ಗಂಟಿಕ್ಕಿಕೊಂಡು ಓಡುತ್ತವೆ.

ಕಂದು ಕಾಗದದ ವಿಷಯ ಅವಳಿಗೆ ಹೇಳಿದೆ. ಅವಳು ಬೆಂಚಿನ ಮೇಲೆ ನನ್ನ ಕಡೆ ತಿರುಗಿ ಕುಳಿತಳು.

"ಅಜ್ಜಿ, ವೈ ಡಿಡ್ ಯು ನಾಟ್ ಜಸ್ಟ್ ಪೀಲ್ ಇಟ್?"

"ಸಿಸ್ಟರ್ ಅಂಟಿಸಿದ್ರು."

"ಯು ವರ್ ಸಿಕ್ಸ್ಟಿ-ಫೈವ್."

"ಹೌದು. ಆದ್ರೆ ಸಿಸ್ಟರ್ ಅಂಟಿಸಿದ್ರು."

ಅವಳು ನಗಲಿಲ್ಲ, ಅದೇ ನನಗೆ ಕಷ್ಟವಾಯಿತು. ತನ್ನ ಪ್ರೊಫೆಸರಿಗೆ ಇಂಥ ಕೆಲಸ ತೋರಿಸಿದರೆ ಡಿಪಾರ್ಟ್‌ಮೆಂಟಿನಿಂದ ಆಚೆ ಕಳಿಸುತ್ತಾರೆ ಎಂದಳು. ಮೂಲದ ನಾಲ್ಕು ಪುಟ ಓದದೆ ಹನ್ನೊಂದು ವರ್ಷ ಒಂದು ಜೀವನಚರಿತ್ರೆ ಬರೆಯುವುದು ಹೇಗೆ ಎಂದಳು. ಅವಳಿಗೆ ಹೇಗೆ ವಿವರಿಸುವುದು. ನಾವು ಹೆದರಿ ಬಿಟ್ಟದ್ದಲ್ಲ. ಮುಚ್ಚಿದ್ದು ಮುಚ್ಚಿರುವುದೇ ಸರಿ ಎಂಬುದು ನಮಗೆ ಕೂದಲು ಬಾಚುವಷ್ಟು ಸಲೀಸಾಗಿತ್ತು. ಹಾಗೆ ಮುಚ್ಚಿದವರ ಮೇಲೆ ಪ್ರೀತಿಯೂ ಇತ್ತು.

ನನ್ನನ್ನು ಕೊರೆಯುತ್ತಿದ್ದದ್ದು ಪ್ರಭುವಲ್ಲ. ಆರುನೂರು ವರ್ಷದ ಹಿಂದಿನ ಹೇಡಿತನ ನನಗೇನು ಮಾಡೀತು? ಸಿಸ್ಟರಿಗೆ ಗೊತ್ತಿತ್ತು. ಓದಿ, ಗೋಂದು ಕಲಸಿ, ಅಳತೆಗೆ ಕತ್ತರಿಸಿ, ಅಂಟಿಸಿ, ಆಮೇಲೆ ಕ್ಲಾಸಿಗೆ ಬಂದು ಕಣ್ಣು ಒದ್ದೆ ಮಾಡಿಕೊಂಡು ಉಲ್ಟಾ ಹೇಳಿದ್ದರು. ನಾನು ಅದನ್ನು ಮೂವತ್ತೊಂದು ಬ್ಯಾಚ್ ಹುಡುಗಿಯರಿಗೆ ಹೇಳಿದ್ದೆ. ಈಗ ನಿಜ ಬರೆದರೆ, ನನಗೆ ಅಕ್ಷರಕ್ಕಿಂತ ಹೆಚ್ಚಿನದನ್ನು ಕಲಿಸಿದವರನ್ನು ಸುಳ್ಳುಗಾರ್ತಿ ಎಂದು ಅಚ್ಚು ಹಾಕಿಸಿದಂತೆ. ಬರೆಯದಿದ್ದರೆ, ಕಂದು ಕಾಗದ ಅಂಟಿಸುವ ಸರದಿ ನನ್ನದು.

ಆ ಸಂಜೆ ಹ್ಯಾರಿಸನ್ನಿನಲ್ಲಿ ಊಟಕ್ಕೆ ಕುಳಿತಾಗ ಮೇಘಾ ಎಲ್ಲವನ್ನೂ ಸುಧಾಳಿಗೆ ಹೇಳಿದಳು. ಹೇಳಿ, ನಮ್ಮ ಫ್ಯಾಮಿಲಿಯಲ್ಲೂ ಬ್ರೌನ್ ಪೇಪರ್ ಇದೆಯಾ ಅಮ್ಮಾ ಎಂದು ಕೇಳಿದಳು. ಸುಧಾಳ ತಂದೆ ಸತ್ಯಕ್ಕಾಗಿ ಕೆಲಸ ಬಿಟ್ಟವರು ಎಂದು ಈ ಮನೆಯಲ್ಲಿ ಹೇಳಿಕೊಂಡು ಬಂದಿದ್ದಾರೆ. ಕೆಲಸ ಅವರನ್ನು ಬಿಟ್ಟದ್ದು ಹೇಗೆಂದು ನನಗೂ ಸುಧಾಳಿಗೂ ಗೊತ್ತು.

"ಸಾರು ಆರೋಗುತ್ತೆ, ಊಟ ಮಾಡು," ಎಂದಳು ಸುಧಾ. ನನ್ನ ಕಡೆ ನೋಡಲಿಲ್ಲ.

ಬುಧವಾರ, ಫೋನಿನ ಪಕ್ಕ

ಬೆಳಿಗ್ಗೆ ಏಳಕ್ಕೆ ಚೆಲುವರಾಜುವಿಗೆ ಫೋನ್ ಮಾಡಿದೆ. ಅಲ್ಲಿ ಸಂಜೆ, ಹಿಂದೆ ಯಂತ್ರದ ಸದ್ದು. ಅವರ ಮಗಳು ನನ್ನ ಸ್ಟೂಡೆಂಟು, ಹಾಗಾಗಿ ಅವರೂ ನನ್ನನ್ನು ಮಿಸ್ ಎಂದೇ ಕರೆಯುತ್ತಾರೆ. ಕೋಟೆಯ ಅಧ್ಯಾಯ ಪೂರ್ತಿ ತಪ್ಪು, ಹೊಸದಾಗಿ ಬರೆಯಬೇಕಾಗಬಹುದು ಎಂದೆ. ಅವರು ಫೋನು ಹಿಡಿದು ಯಂತ್ರದಿಂದ ದೂರ ಬಂದರು. ಆಮೇಲೆ, ಬಹಳ ಮೃದುವಾಗಿ ಹೇಳಿದರು.

"ಮಿಸ್, ಬೇಜಾರ್ ಮಾಡ್ಕೋಬೇಡಿ. ಆ ಇಂಗ್ಲಿಷ್ ದೊರೆ ಓಡೋದ್ನೋ ನಿಂತ್ಕೊಂಡ್ನೋ, ಮೈಸೂರ್ನಲ್ಲಿ ಯಾರಿಗ್ ಗೊತ್ತಾಗುತ್ತೆ? ನಮ್ ಹುಡುಗಿ ಇವತ್ತಿಗೂ ಆ ಕತೆ ಹೇಳ್ತಾಳೆ, ಅವಳ್ ಮಗನಿಗೆ. ಅದ್ಯಾಕ್ ಕೆಡಿಸ್ತೀರಾ?"

ಶುಕ್ರವಾರದವರೆಗೆ ಸಮಯ ಕೊಡಿ ಎಂದು ಫೋನ್ ಇಟ್ಟೆ. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಯಾರಿಗೂ ಗೊತ್ತಾಗುವುದಿಲ್ಲ. ಸಿಸ್ಟರೂ ಹಾಗೇ ಅಂದುಕೊಂಡಿರಬೇಕು.

ಆ ದಿನ ಪೂರ್ತಿ ಮಲಗಿದ್ದೆ. ಸುಧಾ ಎರಡು ಸಲ ಬಂದು ಹಣೆ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ.

ಗುರುವಾರ, ಮ್ಯೂಸಿಯಂ

ಹೊರಗೆ ಹೋದರೆ ಸರಿಹೋಗುತ್ತೆ ಎಂದು ಮೇಘಾ ದೊಡ್ಡ ಮ್ಯೂಸಿಯಮ್ಮಿಗೆ ಕರೆದೊಯ್ದಳು. ಕವಚಗಳ ಹಾಲಿನಲ್ಲಿ ಒಳಗೆ ಮನುಷ್ಯರಿಲ್ಲದ ಸೈನಿಕರು ಸಾಲಾಗಿ ನಿಂತಿದ್ದರು. ನನಗೆ ನೋಡಲು ಮನಸ್ಸಾಗಲಿಲ್ಲ. ಪಕ್ಕದ ಅರೆಗತ್ತಲೆಯ ಹಾಲಿಗೆ ಹೋದೆವು. ಮಂಡಿ ನೋಯುತ್ತಿತ್ತು, ಬೆಂಚು ಹುಡುಕುತ್ತಾ ಹಿಂದೆ ಸರಿದಾಗ ನನ್ನ ಕಾಲು ಯಾವುದಕ್ಕೋ ತಾಗಿತು. ತಿರುಗಿದರೆ, ತಗ್ಗಾದ ಕಟ್ಟೆಯ ಮೇಲೆ ಕಲ್ಲಿನ ಸೈನಿಕನೊಬ್ಬ ಕೈಜೋಡಿಸಿ ಮಲಗಿದ್ದಾನೆ. ನನ್ನ ಶೂ ತಾಗಿದ್ದು ಅವನ ಪಾದಕ್ಕೆ.

ಯೋಚಿಸುವ ಮೊದಲೇ ಬಗ್ಗಿ, ಅವನ ಪಾದ ಮುಟ್ಟಿ, ಬೆರಳನ್ನು ಕಣ್ಣಿಗೆ ಒತ್ತಿಕೊಂಡಿದ್ದೆ. ಪುಸ್ತಕಕ್ಕೋ ಮನುಷ್ಯರಿಗೋ ಕಾಲು ತಾಗಿದರೆ ನಾವೆಲ್ಲ ಮಾಡುವುದೇ ಅದು.

ಕಾವಲಿನ ಗಂಡಸು ಧಾವಿಸಿ ಬಂದ. ದಪ್ಪ ಕನ್ನಡಕದ, ನನಗಿಂತ ಸ್ವಲ್ಪ ಚಿಕ್ಕವನಿರಬಹುದಾದ ಕಪ್ಪು ಮನುಷ್ಯ. ಮುಟ್ಟಬಾರದು ಮ್ಯಾಮ್ ಎಂದ. ಕಾಲು ತಾಗಿತು, ಅದಕ್ಕೆ ಕ್ಷಮೆ ಕೇಳುತ್ತಿದ್ದೆ ಎಂದೆ. ಯಾರನ್ನು ಎಂದ. ಇವನನ್ನು ಎಂದೆ. ಅವನು ಕಲ್ಲಿನ ಮುಖವನ್ನೂ ನನ್ನ ಮುಖವನ್ನೂ ನೋಡಿ, ಇಪ್ಪತ್ತು ವರ್ಷದಿಂದ ಇವನ ಪಕ್ಕ ನಿಂತಿದ್ದೇನೆ, ಇವನು ಯಾವುದಕ್ಕೂ ಕಂಪ್ಲೇಂಟ್ ಮಾಡಿದ್ದಿಲ್ಲ ಎಂದ. ಆಮೇಲೆ ತನ್ನ ಕುರ್ಚಿಯನ್ನೇ ತಂದು ನನ್ನನ್ನು ಕೂರಿಸಿದ.

ಮೇಘಾ ಫಲಕ ಓದಿ ಹೇಳಿದಳು. ನಾರ್ಮಂಡಿಯ ಕಡೆಯವನು, ಪ್ರಭುವಿನ ಕಾಲದವನೇ, ಎದುರು ಪಕ್ಷ. ಹೆಸರು ಗೊತ್ತಿಲ್ಲ.

ಆ ಕುರ್ಚಿಯಲ್ಲಿ ಬಹಳ ಹೊತ್ತು ಕುಳಿತಿದ್ದೆ. ನಮ್ಮ ಕಡೆ ಕಲ್ಲು ನಿಲ್ಲಿಸುವುದು ಹೋರಾಡಿ ಸತ್ತವನಿಗೆ. ದನ ಬಿಡಿಸಲು ಹೋಗಿ ಸತ್ತವನಿಗೂ, ಊರ ಬಾಗಿಲಲ್ಲಿ ಸತ್ತವನಿಗೂ ಒಂದು ಕಲ್ಲು, ಮೇಲೆ ಸೂರ್ಯಚಂದ್ರ. ಇವರ ಕಡೆ ಹಾಸಿಗೆಯಲ್ಲಿ ಸತ್ತವನೂ ಕವಚ ತೊಟ್ಟು ಮಲಗುತ್ತಾನೆ; ಬಾಗಿಲು ಹಿಡಿದವರು ಎಲ್ಲೋ. ನಾನು ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ಮೂವತ್ತೊಂದು ವರ್ಷ ತೂಗಿದ್ದೆ. ನನ್ನ ಕೈ ಮುಗಿಯುವುದನ್ನು ಚೆನ್ನಾಗಿ ಕಲಿತಿತ್ತು. ಯಾರಿಗೆ ಎಂದು ಕೇಳುವುದನ್ನು ಕಲಿತಿರಲಿಲ್ಲ.

ಸಿಸ್ಟರ್ ಯಾಕೆ ಅಂಟಿಸಿದರು ಎಂಬುದೂ ಅಲ್ಲೇ ಹೊಳೆಯಿತು, ಅಥವಾ ಹೊಳೆಯಿತು ಎಂದು ನನಗೆ ಬೇಕಾಗಿತ್ತು. ಸನ್ಯಾಸಿನಿಗೆ ಅಪ್ಪನ ಮನೆಯೂ ಇಲ್ಲ, ಅತ್ತೆಯ ಮನೆಯೂ ಇಲ್ಲ. ಅವರು ಬಿಟ್ಟು ಬಂದ ಕಣಿವೆಯಿಂದ ಜೊತೆಗೆ ಬಂದದ್ದು ಒಂದು ಕಪ್ಪು ಚಿತ್ರ, ಒಂದು ಕೆಂಪು ಪುಸ್ತಕ. ಅದು ಅವರ ತವರು. ದೂರಕ್ಕೆ ಬಂದ ಹೆಣ್ಣು ಯಾರೆದುರಾದರೂ ತವರಿನ ಹುಳುಕು ಹೇಳಿದ್ದನ್ನು ನಾನು ಕಂಡಿಲ್ಲ. ಸುಧಾ ಹೇಳುತ್ತಾಳೆಯೇ? ಹೇಳುವುದಿಲ್ಲ. ಅದನ್ನು ಸುಳ್ಳು ಎನ್ನಲು ನನ್ನಿಂದಾಗದು.

ಆದರೆ ಅದು ಅವರ ತವರು. ನನ್ನದಲ್ಲ. ಅದನ್ನು ಕಾಯಲೇಬೇಕೆಂಬ ಹಂಗು ನನಗಿಲ್ಲ.

ಮನೆಗೆ ಬಂದವಳೇ ಸುಧಾಳ ಊಟದ ಮೇಜಿನ ಮೇಲಿನ ಲ್ಯಾಪ್‌ಟಾಪನ್ನು ಆಚೆ ಸರಿಸಿ ಬರೆಯಲು ಕುಳಿತೆ. ಪೆನ್ನು ಚೀಲದಲ್ಲಿತ್ತು, ಆದರೂ ಪೆನ್ಸಿಲಿನಲ್ಲೇ ಬರೆದೆ. ಸಂಜೆಯೊಳಗೆ ಆರು ಹಾಳೆ ಆಯಿತು. ಹನ್ನೊಂದು ವರ್ಷದಲ್ಲಿ ಅಷ್ಟು ಬೇಗ ಯಾವುದನ್ನೂ ಬರೆದಿರಲಿಲ್ಲ. ಕೊನೆಯಲ್ಲಿ ಹೀಗೆ ಸೇರಿಸಿದೆ: ನನಗೆ ಈ ಕತೆ ಹೇಳಿದವರು ಬೇರೆ ರೀತಿ ಹೇಳಿದ್ದರು, ಅವರು ಹೇಳಿದ ಹಾಗೆ ನಡೆದಿದ್ದರೆ ಚೆನ್ನಾಗಿತ್ತು, ನಡೆಯಲಿಲ್ಲ. ಸಿಸ್ಟರಿಗೆ ಮಾಡಿದ ಅರ್ಪಣೆಯನ್ನು ತೆಗೆಯಲಿಲ್ಲ.

ಮೇಘಾ ಹಾಳೆಗಳ ಫೋಟೋ ತೆಗೆದು ಮೈಸೂರಿಗೆ ಕಳಿಸಿದಳು. ಕನ್ನಡ ಓದಲು ಬಾರದವಳು, ಒಂದೊಂದು ಹಾಳೆಯನ್ನೂ ಬೆಳಕಿಗೆ ಹಿಡಿದು, ನೇರ ಮಾಡಿ, ಪುಟಸಂಖ್ಯೆ ನೋಡಿ ಕಳಿಸಿದಳು.

ಶುಕ್ರವಾರ, ಹ್ಯಾರಿಸನ್

ಬೆಳಿಗ್ಗೆ ಚೆಲುವರಾಜುವೇ ಫೋನ್ ಮಾಡಿದರು. ಅಧ್ಯಾಯ ಓದಿದ್ದರು. ಚೆನ್ನಾಗಿದೆ ಎನ್ನಲಿಲ್ಲ, ಚೆನ್ನಾಗಿಲ್ಲ ಎನ್ನಲೂ ಇಲ್ಲ. ನಮ್ಮ ಹುಡುಗಿಗೆ ಏನೆಂದು ಹೇಳಲಿ ಎಂದಷ್ಟೇ ಕೇಳಿದರು. ಮಿಸ್ಸಿಗೆ ಈಗ ಗೊತ್ತಾಯಿತಂತೆ ಎಂದು ಹೇಳಿ ಎಂದೆ. ಆಮೇಲೆ, ಕೊನೆಯ ಹಾಳೆಯ ಹೆಸರುಗಳು ಫೋಟೋದಲ್ಲಿ ಮಸುಕಾಗಿವೆ, ಇಂಗ್ಲಿಷ್ ಹೆಸರು ಊಹೆ ಮಾಡಿ ಹಾಕುವುದಕ್ಕಾಗುವುದಿಲ್ಲ, ನೀವೇ ಹೇಳಿ ಮಿಸ್, ನಾನೇ ಕೂತಿದ್ದೇನೆ ಎಂದರು.

ಕನ್ನಡಕ ಹಾಕಿಕೊಂಡು ಒಂದೊಂದಾಗಿ ಹೇಳಿದೆ. ಅವರು ಕೀಲಿಮಣೆಯ ಮೇಲೆ ಒತ್ತುತ್ತಾ, ಪಾಠ ಒಪ್ಪಿಸುವ ಹಾಗೆ ತಿರುಗಿ ಹೇಳಿದರು. ವಾಟ್, ಬಾಣ ಮಾಡುವವನು. ಥಾಮಸ್, ಕಮ್ಮಾರ. ಗಿಲ್ಬರ್ಟ್, ಅಡುಗೆಯವನು. ಆಡಂ, ಅವನ ತಮ್ಮ ರಾಬರ್ಟ್. ಹೆನ್ರಿ, ಕುದುರೆ ನೋಡಿಕೊಳ್ಳುವವನು. ವಿಲಿಯಂ, ಒಂದು ಕಣ್ಣಿನವನು. ರಿಚರ್ಡ್, ವಿಧವೆ ಮಾರ್ಜರಿಯ ಮಗ. ಹ್ಯಾರಿಸನ್ನಿನ ಕಿಟಕಿಯಾಚೆ ಒದ್ದೆಕೂದಲಿನ 'ಗುಡ್ ಒನ್'ನವರು ಸ್ಟೇಷನ್ನಿನ ಕಡೆ ಹೋಗುತ್ತಿದ್ದರು. ಸುಧಾ ಕಾಫಿ ತಂದು ಮೇಜಿನ ಮೇಲಿಟ್ಟು, ಹೋಗದೆ, ಅಲ್ಲೇ ಗೋಡೆಗೊರಗಿ ನಿಂತಳು.

"ಎಂಟಾಯ್ತು ಮಿಸ್. ಒಂಬತ್ತು ಅಂತ ಬರ್ದಿದೀರ."

"ಒಂಬತ್ತನೆಯವನ ಹೆಸರು ಆಲಿಸ್‌ಗೂ ಗೊತ್ತಿರಲಿಲ್ಲ. ಹೊಸಬ, ಆ ವಾರ ತಾನೇ ಸೇರಿದ್ದ ಅಂತ ಬರೆಸಿದಾಳೆ."

ಫೋನಿನಲ್ಲಿ ಯಂತ್ರದ ಸದ್ದು ನಿಂತಿತ್ತು.

"ಅವನ್ನ ಬಿಟ್ಬಿಡೋಣ್ವಾ ಮಿಸ್, ಹೆಸ್ರೇ ಇಲ್ವಲ್ಲ?"

"ಬಿಡ್ಬೇಡಿ," ಎಂದೆ. "ಅವನಿಗೂ ಒಂದು ಲೈನ್ ಹಾಕಿ. ಹೊಸಬ ಅಂತ ಹಾಕಿ."

"ಹೊಸಬ," ಎಂದರು ಚೆಲುವರಾಜು. ಕೀಲಿಯ ಮೂರು ಸಣ್ಣ ಸದ್ದು ಕೇಳಿಸಿತು.